ಎರವಲಿನ ಧರ್ಮವೂ ಚಲಚ್ಚಿತ್ರವೂ

ಎರವಾಗಿಯಾಗಲಿ ಬಾಡಿಗೆಗಾಗಲಿ ತಂದ ವಸ್ತುವನ್ನು ತಂದಾಗ ಹೇಗಿದ್ದಿತೋ ಹಾಗೆಯೇ ಹಿಂದಕ್ಕೆ ಒಪ್ಪಿಸತಕ್ಕದ್ದೆಂಬುದು ಕೌಟಿಲ್ಯನ ವಿಧಿ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ, ಉಪನಿಧಿಯ ಪ್ರಕರಣದೊಳಗೆ, ಈ ವಿಚಾರವು ಬಂದಿದೆ. ಯಾಚಿತಕವೆಂದರೆ ಬೇಡಿ ತಂದದ್ದು. ಅವಕ್ರೀತಕವೆಂದರೆ ಬಾಡಿಗೆ ತೆತ್ತು ತಂದದ್ದು. ಎತ್ತು, ಬಂಡಿ, ಪಾತ್ರೆ, ಪದಾರ್ಥಗಳಿಗಾಗಿ ಹುಟ್ಟಿದ ಈ ನಿಯಮಕ್ಕೆ ಚಲಚ್ಚಿತ್ರವೂ ಒಂದು ದಿನ ಒಳಪಡುವುದೆಂದು ಯಾರು ತಾನೆ ಊಹಿಸಿದ್ದರು?

ಚಿತ್ರವನ್ನು ಬಾಡಿಗೆಗೆ ಮನೆಗೆ ಒಯ್ಯುವುದು ಒಂದು ವ್ಯಾಪಾರವಾಗಿ ಬೆಳೆದುದು ಅಮೆರಿಕದಲ್ಲಿ. ೧೯೭೭ರಲ್ಲಿ ಆಂಡ್ರೆ ಬ್ಲೇ ಎಂಬಾತನು ಟ್ವೆಂಟಿಯೆತ್ ಸೆಂಚುರಿ ಫಾಕ್ಸ್ ಕಂಪೆನಿಯವರಿಂದ ಐವತ್ತು ಚಿತ್ರಗಳ ಹಕ್ಕನ್ನು ಪಡೆದು, ಅವುಗಳನ್ನು ವೀಡಿಯೋ ಕ್ಯಾಸೆಟ್ಟಿನಲ್ಲಿ ಮಾರಲಾರಂಭಿಸಿದನು. ಒಂದೊಂದರ ಕ್ರಯವು ಸುಮಾರು ೫೦ ಡಾಲರ್. ಒಮ್ಮೆ ನೋಡಿ ಮುಗಿಸುವ ಚಿತ್ರಕ್ಕೆ ಅಷ್ಟು ಹಣವನ್ನು ಸುರಿಯುವವರು ಎಷ್ಟು ಮಂದಿ? ಅದೇ ವರ್ಷ ಲಾಸ್ ಏಂಜಲೀಸಿನ ಜಾರ್ಜ್ ಅಟ್ಕಿನ್ಸನ್ ಎಂಬ ವರ್ತಕನು ಆ ಕ್ಯಾಸೆಟ್ಟುಗಳನ್ನು ತಾನು ಕೊಂಡು, ಸದಸ್ಯರಿಗೆ ದಿನಕ್ಕೆ ೧೦ ಡಾಲರಿನಂತೆ ಬಾಡಿಗೆಗೆ ಕೊಡತೊಡಗಿದನು. ಕ್ರಯಕ್ಕೆ ಕೊಂಡ ಪ್ರತಿಯನ್ನು ಕೊಂಡವನು ಬಾಡಿಗೆಗೂ ಕೊಡಬಹುದೆಂಬುದು ಆ ದೇಶದ ಶಾಸನವಾದುದರಿಂದ, ಚಿತ್ರ ತಯಾರಕರು ಅದನ್ನು ತಡೆಯಲಾರದೆ ಹೋದರು. ಕ್ರಮೇಣ ಅಲ್ಲಿನ ಅಂಗಡಿಗಳವರು ಕ್ಯಾಸೆಟ್ಟಿನ ಮೇಲೆ ಒಂದು ಚೀಟಿಯನ್ನು ಅಂಟಿಸುವ ರೂಢಿ ಬಂದಿತು: ನೋಡಿಯಾದ ಮೇಲೆ ಸುರುಳಿಯನ್ನು ದಯವಿಟ್ಟು ಮೊದಲಿಗೆ ಸುತ್ತಿ ಹಿಂದಕ್ಕೆ ಕೊಡಿರಿ ಎಂದು. ಕೌಟಿಲ್ಯನು ವಿಧಿಸಿದುದೂ ಇದನ್ನೇ ಅಲ್ಲವೆ?

ಕನ್ನಡ ನಾಡಿಗೆ ಬರುವಾಗ ಈ ಪದ್ಧತಿಯು ಬೇರೊಂದು ರೂಪವನ್ನು ತಾಳಿತು. ೧೯೮೨ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಲಕ್ಕೆ ದೇಶದಲ್ಲಿ ಬಣ್ಣದ ಟೆಲಿವಿಷನ್ ಬಂದಿತು. ಅನಂತರದ ಕೆಲವೇ ವರ್ಷಗಳಲ್ಲಿ ಚಿಕ್ಕ ಊರುಗಳಲ್ಲಿಯೂ ವೀಡಿಯೋ ಲೈಬ್ರರಿಗಳೆಂಬ ಅಂಗಡಿಗಳು ತಲೆಯೆತ್ತಿದವು. ಇಲ್ಲಿ ಕ್ಯಾಸೆಟ್ಟು ಮಾತ್ರವಲ್ಲ, ಅದನ್ನು ಓಡಿಸುವ ವಿ.ಸಿ.ಪಿ.ಯೂ, ಎಷ್ಟೋ ಮನೆಗಳಲ್ಲಿ ಟೆಲಿವಿಷನ್ನೂ ಒಂದು ರಾತ್ರಿಯ ಬಾಡಿಗೆಯವೇ.

ಅಂದಿನ ಒಂದು ಮನೆಯನ್ನು ನೆನೆಯಬಹುದು. ಶನಿವಾರ ಸಂಜೆ ಅಂಗಡಿಯ ಹುಡುಗನು ಸಾಮಾನನ್ನು ಆಟೋದಲ್ಲಿ ತಂದು, ನಡುಮನೆಯ ಮೇಜಿನ ಮೇಲಿಟ್ಟು, ತಂತಿಗಳನ್ನು ಜೋಡಿಸಿ ಹೋಗುವನು. ಯಾವ ಮೂರು ಚಿತ್ರಗಳೆಂಬುದನ್ನು ಗೊತ್ತುಮಾಡಲು ಹಿಂದಿನ ದಿನವೇ ಒಂದು ಪಂಚಾಯತಿ ನಡೆದಿರುವುದು: ಅಜ್ಜಿಗೆ ಭಕ್ತ ಕನಕದಾಸ, ಯಜಮಾನರಿಗೆ ಬಂಗಾರದ ಮನುಷ್ಯ, ಹುಡುಗರಿಗೆ ಹಿಂದಿಯ ಹೊಡೆದಾಟದ ಚಿತ್ರ. ಊಟವಾಗುತ್ತಲೆ ನೆರೆಮನೆಯವರು ಚಾಪೆಗಳನ್ನು ಹಿಡಿದು ಬರುವರು. ಹೊಸದಾಗಿ ಬಂದ ಸೊಸೆಯು ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಅರ್ಧ ಚಿತ್ರವನ್ನು ನೋಡುವಳು. ಬೆಳಗ್ಗೆ ಹುಡುಗನು ಬರುವುದರೊಳಗೆ ಮೂರೂ ಮುಗಿಯತಕ್ಕದ್ದಾದುದರಿಂದ ನಿದ್ರೆಯ ಮಾತಿಲ್ಲ. ನಡುವೆ ವಿದ್ಯುತ್ತು ಹೋಯಿತೆಂದರೆ, ನಷ್ಟ ಯಾರದೆಂಬ ಚರ್ಚೆ ಏಳುವುದು. ಎರವಿನ ವಸ್ತುವು ಅನಿರೀಕ್ಷಿತವಾದ ವಿಪತ್ತಿನಿಂದ ಹಾಳಾದರೆ ಒಯ್ದವನು ಹೊಣೆಯಲ್ಲವೆಂದು ಕೌಟಿಲ್ಯನೇನೋ ಹೇಳಿರುವನು. ಆದರೆ ಅಂಗಡಿಯವನು ಅರ್ಥಶಾಸ್ತ್ರವನ್ನು ಓದಿದವನಲ್ಲ, ಪೂರ್ತಿ ಬಾಡಿಗೆಯನ್ನೇ ಕೇಳುವನು. ಆ ಕ್ಯಾಸೆಟ್ಟುಗಳಲ್ಲಿ ಹಲವು ಕಳ್ಳ ನಕಲುಗಳಾಗಿದ್ದುದೂ ನಿಜವೇ. ೧೯೮೪ರಲ್ಲಿ ಕೃತಿಸ್ವಾಮ್ಯದ ಶಾಸನವನ್ನು ತಿದ್ದಿದಾಗ ಈ ಕಳವನ್ನು ತಡೆಯುವುದು ಒಂದು ಮುಖ್ಯ ಉದ್ದೇಶವಾಗಿದ್ದಿತು. ಅದು ಹಾಗಿರಲಿ. ಮರಳಿಸಬೇಕಾದ ಹೊತ್ತೊಂದು ಗೊತ್ತಾಗಿದ್ದುದರಿಂದಲೇ ಆ ರಾತ್ರಿ ಮನೆಮಂದಿಯೆಲ್ಲ ಒಂದೆಡೆ ಕುಳಿತರು.

ಈ ಕಟ್ಟಿಗೆ ಸಡಿಲಿಕೆ ಬಂದುದು ಮತ್ತೆ ಅಮೆರಿಕದಲ್ಲಿಯೇ. ಅವಧಿ ಮೀರಿದರೆ ತೆರಬೇಕಾದ ದಂಡವು ಅಲ್ಲಿನ ಅಂಗಡಿಗಳಿಗೆ ದೊಡ್ಡ ಆದಾಯವೂ ಗಿರಾಕಿಗಳಿಗೆ ದೊಡ್ಡ ಬೇಸರವೂ ಆಗಿದ್ದಿತು. ೧೯೯೭ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ನೆಟ್‌ಫ್ಲಿಕ್ಸ್ ಸಂಸ್ಥೆಯು ಮರುವರ್ಷದಿಂದ ಡಿ.ವಿ.ಡಿ. ತಟ್ಟೆಗಳನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳುಹಿಸತೊಡಗಿತು. ೧೯೯೯ರಲ್ಲಿ ತಿಂಗಳ ಚಂದಾ ಪದ್ಧತಿಯನ್ನು ತಂದು, ಅವಧಿಯನ್ನೂ ದಂಡವನ್ನೂ ಬಿಡುವ ದಾರಿ ಹಿಡಿಯಿತು. ೨೦೦೭ರಲ್ಲಿ ಚಿತ್ರವು ಅಂತರ್ಜಾಲದ ಮೂಲಕವೇ ಮನೆಗೆ ಹರಿದುಬರಲಾರಂಭಿಸಿತು. ಒಂದು ಕಾಲಕ್ಕೆ ಒಂಬತ್ತು ಸಾವಿರ ಅಂಗಡಿಗಳಿದ್ದ ಬ್ಲಾಕ್‌ಬಸ್ಟರ್ ಸಂಸ್ಥೆಯು ೨೦೧೦ರಲ್ಲಿ ದಿವಾಳಿಯೆದ್ದಿತು. ೨೦೧೬ರಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬರುವ ವೇಳೆಗೆ, ಇಲ್ಲಿನ ವೀಡಿಯೋ ಲೈಬ್ರರಿಗಳೂ ಕೇಬಲ್ ಟೆಲಿವಿಷನ್ ಮತ್ತು ಅಗ್ಗದ ತಟ್ಟೆಗಳ ಹೊಡೆತಕ್ಕೆ ಸಿಕ್ಕಿ ಬಹುಮಟ್ಟಿಗೆ ಬಾಗಿಲು ಮುಚ್ಚಿದ್ದವು. ೨೦೨೩ರ ಸೆಪ್ಟೆಂಬರ್ ೨೯ರಂದು ಆ ಸಂಸ್ಥೆಯು ತನ್ನ ಕಡೆಯ ತಟ್ಟೆಗಳನ್ನು ಅಂಚೆಗೆ ಹಾಕಿತು. ಅವುಗಳನ್ನು ಗಿರಾಕಿಗಳು ಇಟ್ಟುಕೊಳ್ಳಬಹುದೆಂದೂ ಸಾರಿತು. ಬಾಡಿಗೆಯ ವಸ್ತುವನ್ನು ಮರಳಿಸಬೇಕಾಗಿಲ್ಲವೆಂದು ಕೊಟ್ಟವನೇ ಹೇಳಿದ ಮೇಲೆ ಅವಕ್ರೀತಕದ ಧರ್ಮವು ಎಲ್ಲಿ ಉಳಿಯಿತು?

ಇದರಿಂದ ಲಾಭವಿಲ್ಲವೆಂದು ಯಾರೂ ಹೇಳಲಾರರು. ಕಿವಿ ಮಂದವಾದ ವೃದ್ಧರು ತೆರೆಯ ಕೆಳಗಿನ ಅಕ್ಷರಗಳನ್ನು ಓದಿ ಮಾತನ್ನು ತಿಳಿಯುವರು. ಪರದೇಶದಲ್ಲಿರುವ ಮಗಳು ಕನ್ನಡದ ಚಿತ್ರವನ್ನು ಅಲ್ಲಿಯೇ ನೋಡುವಳು. ಆದರೆ ವಸ್ತುವು ಕೈಗೆ ಬಾರದ ಬಾಡಿಗೆಯಲ್ಲಿ ಗೃಹಸ್ಥನಿಗೆ ಹೊಣೆಯೂ ಇಲ್ಲ, ಹಿಡಿತವೂ ಇಲ್ಲ. ಇಂದು ಪಟ್ಟಿಯಲ್ಲಿದ್ದ ಚಿತ್ರವು ಹಕ್ಕಿನ ಕರಾರು ಮುಗಿದೊಡನೆ ನಾಳೆ ಕಾಣದಾಗುವುದು. ಹಿಂದೆ ಒಯ್ದವನು ತಂದು ಒಪ್ಪಿಸುತ್ತಿದ್ದನು. ಈಗ ಕೊಟ್ಟವನೇ ಹಿಂದಕ್ಕೆ ತೆಗೆದುಕೊಳ್ಳುವನು. ಇನ್ನು ಪಂಚಾಯತಿಗೆ ಕಾರಣವೇ ಇಲ್ಲ: ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಮೊಬೈಲು, ಒಬ್ಬೊಬ್ಬರದೂ ಒಂದೊಂದು ಚಿತ್ರ.

ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆ ಸೊಸೆಯೇ ಈಗ ಆ ಮನೆಯ ಅಜ್ಜಿ. ಮೊನ್ನೆ ಮೊಮ್ಮಗನು ಒಂದು ಹಳೆಯ ಚಿತ್ರವನ್ನು ಹುಡುಕಿ, ಗೋಡೆಯ ಮೇಲಿನ ದೊಡ್ಡ ಟೆಲಿವಿಷನ್ನಿನಲ್ಲಿ ಹಾಕಿಕೊಟ್ಟನು.

“ಇದನ್ನು ಯಾವಾಗ ಹಿಂದಕ್ಕೆ ಕೊಡಬೇಕಪ್ಪ?” ಎಂದು ಆಕೆ ಕೇಳಿದರು.

“ಕೊಡಬೇಕಾದ್ದೇ ಇಲ್ಲ ಅಜ್ಜಿ, ಯಾವಾಗ ಬೇಕಾದರೂ ನೋಡಬಹುದು.”

“ಹಾಗಾದರೆ ನಾಳೆ ಎಲ್ಲರೂ ಇರುವಾಗ ನೋಡೋಣ,” ಎಂದು ಆಕೆ ಕನ್ನಡಕವನ್ನು ತೆಗೆದಿಟ್ಟು ಎದ್ದರು. ಆ ನಾಳೆಯು ಇನ್ನೂ ಬಂದಿಲ್ಲ.