ಅ ಅಕ್ಷರದ ಹಾಡುಗಳು

ನನಗೆ 'ಅ' ತಿದ್ದಿಸಿದವಳು ಆಪಾ. ಮನೆಯ ಜಗಲಿಯ ಮೇಲೆ ಮರಳು ಹರಡಿ, ನನ್ನ ತೋರುಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಆ ದುಂಡು ಅಕ್ಷರವನ್ನು ಮತ್ತೆ ಮತ್ತೆ ಬರೆಸುತ್ತಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮಿ ಬೀಡಿ ಕಟ್ಟಲು ಕುಳಿತರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ಅವಳ ಕೆಲಸ. ಅದಕ್ಕಾಗಿಯೇ ಅವಳು ನಾಲ್ಕನೇ ತರಗತಿಗೆ ಶಾಲೆ ಬಿಟ್ಟಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1978ರಲ್ಲಿ ಅವಳ ಮದುವೆಯಾಯಿತು. ಆಗ ಅವಳಿಗೆ ಹದಿನೈದು, ನನಗೆ ಆರು.

ಇದನ್ನೆಲ್ಲ ನಾನು ಮರೆತೇಬಿಟ್ಟಿದ್ದೆ. ನೆನಪಿಸಿದ್ದು ಒಂದು ಜಪಾನಿ ಹಾಡು.

2004ರಲ್ಲಿ ಕಾರ್ಖಾನೆಯ ತರಬೇತಿಗೆಂದು ನಾಲ್ಕು ತಿಂಗಳು ನಗೋಯಾ ಸಮೀಪ ಇರಬೇಕಾಯಿತು. ನಮಗೆ ಕೆಲಸ ಕಲಿಸುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮೇಲ್ವಿಚಾರಕರು. ಒಂದು ಶನಿವಾರ ಸಂಜೆ ಅವರು ನಮ್ಮನ್ನು ಹಾಡುವ ಕೋಣೆಗೆ ಕರೆದುಕೊಂಡು ಹೋದರು. ಕರವೋಕೆ ಎಂದರೆ ಏನೆಂದು ನಿಮಗೆ ಗೊತ್ತಿರುತ್ತದೆ. ಯಂತ್ರ ಸಂಗೀತ ನುಡಿಸುತ್ತದೆ, ಪರದೆಯ ಮೇಲೆ ಸಾಹಿತ್ಯ ಬರುತ್ತದೆ, ನಾವು ಹಾಡಬೇಕು. ಉಳಿದವರು ಹಾಡುತ್ತಿದ್ದರು. ನಾನು ಕಿತ್ತಳೆ ರಸದ ಲೋಟ ಮುಂದಿಟ್ಟುಕೊಂಡು ಮೇಜಿನ ಮೇಲಿದ್ದ ಪುಸ್ತಕ ತಿರುವಿ ಹಾಕುತ್ತಿದ್ದೆ. ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕ. ಅದರಲ್ಲಿ ಹಾಡುಗಳ ಹೆಸರನ್ನು ಅಕ್ಷರದ ಕ್ರಮದಲ್ಲಿ ಜೋಡಿಸಿದ್ದರು. ಈಗ ಆ ಪುಸ್ತಕದ ಜಾಗಕ್ಕೆ ಟಚ್‌ಸ್ಕ್ರೀನ್ ಬಂದಿದೆ.

ಅಷ್ಟರಲ್ಲಿ ನಾನು ಹಿರಗಾನಾ ಲಿಪಿಯನ್ನು ಕೂಡಿಸಿ ಓದುವಷ್ಟು ಕಲಿತಿದ್ದೆ. ಪುಟದ ಅಂಚಿನಲ್ಲಿದ್ದ ಅಕ್ಷರಗಳನ್ನು ಓದುತ್ತಾ ಹೋದಂತೆ ಆಶ್ಚರ್ಯವಾಯಿತು. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮದೇ ವರ್ಣಮಾಲೆಯ ಕ್ರಮವಲ್ಲವೇ?

ಹೌದು, ನಮ್ಮದೇ. ಬೌದ್ಧ ಧರ್ಮದ ಜೊತೆಗೆ ಸಂಸ್ಕೃತ ಮಂತ್ರಗಳೂ ಅವುಗಳನ್ನು ಬರೆಯುವ ಸಿದ್ಧಂ ಲಿಪಿಯೂ ಚೀನಾದ ಮೂಲಕ ಜಪಾನಿಗೆ ಹೋದವು. ಭಾರತದ ಭಿಕ್ಷು ಬೋಧಿಸೇನ 736ರಲ್ಲಿ ಜಪಾನ್ ತಲುಪಿ, 752ರಲ್ಲಿ ನಾರಾದ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ಬರೆಯುವ ವಿಧಿ ನೆರವೇರಿಸಿದ. 806ರಲ್ಲಿ ಚೀನಾದಿಂದ ಮರಳಿದ ಕೂಕಾಯ್ ಎಂಬ ಸನ್ಯಾಸಿ ಸಿದ್ಧಂ ಗ್ರಂಥಗಳನ್ನು ಹೊತ್ತು ತಂದ. ಹೀಗೆ ಸಂಸ್ಕೃತದ ಅಕ್ಷರಕ್ರಮ ಕಲಿತ ಸನ್ಯಾಸಿಗಳು ತಮ್ಮ ಭಾಷೆಯ ಉಚ್ಚಾರಗಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದರು. ಹಳೆಯ ಜಪಾನಿ ಭಾಷೆಯಲ್ಲಿ ಇಂದಿನ 'ಹ' ಉಚ್ಚಾರ 'ಪ' ಆಗಿತ್ತು, 'ಸ' ನಮ್ಮ 'ಚ'ಕ್ಕೆ ಹತ್ತಿರವಿತ್ತು ಎಂದು ಭಾಷಾತಜ್ಞರು ಹೇಳುತ್ತಾರೆ. ಹಾಗೆ ಓದಿದರೆ ಕ, ಚ, ತ, ನ, ಪ, ಮ, ಯ, ರ, ವ ಎಂದಾಗುತ್ತದೆ. ಭಾಷೆ ಬಾರದ ಊರಿನಲ್ಲಿ ಒಬ್ಬ ನೆಂಟ ಸಿಕ್ಕಂತಾಯಿತು ನನಗೆ.

ನಾನು ಮೊದಲ ಪುಟಗಳಲ್ಲೇ ಬೆರಳಿಟ್ಟು ಕುಳಿತದ್ದನ್ನು ಕಂಡು ಮೇಲ್ವಿಚಾರಕರು ಪಕ್ಕಕ್ಕೆ ಬಂದರು. 'ಅ'ದಿಂದ ಶುರುವಾಗುವ ಹಾಡುಗಳಲ್ಲಿ ತಾವು ಚಿಕ್ಕಂದಿನಲ್ಲಿ ಕಲಿತವನ್ನು ಒಂದೊಂದಾಗಿ ತೋರಿಸಿ, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿದರು. ಆ ಹಾಡುಗಳ ಬಗ್ಗೆ ಇನ್ನಷ್ಟು ವಿವರ ತಿಳಿದದ್ದು ನಂತರದ ವರ್ಷಗಳ ಓದಿನಿಂದ.

'ಅಮೆಫುರಿ' ಎಂದರೆ ಮಳೆ ಸುರಿಯುವುದು. 1925ರ ಹಾಡು. ಕವಿ ಕಿತಹಾರಾ ಹಕುಶು. ಮಳೆ ಬಂದಾಗ ಅಮ್ಮ ಛತ್ರಿ ಹಿಡಿದು ಮಗುವನ್ನು ಕರೆದೊಯ್ಯಲು ಬರುತ್ತಾಳೆ. ದಾರಿಯಲ್ಲಿ ಇನ್ನೊಂದು ಮಗು ಮರದ ಬುಡದಲ್ಲಿ ನೆನೆಯುತ್ತಾ ಅಳುತ್ತಿರುತ್ತದೆ. ಈ ಮಗು ತನ್ನ ಛತ್ರಿಯನ್ನು ಅದಕ್ಕೆ ಕೊಟ್ಟು, ತಾನು ಅಮ್ಮನ ದೊಡ್ಡ ಛತ್ರಿಯೊಳಗೆ ಸೇರಿಕೊಳ್ಳುತ್ತದೆ. ಇಷ್ಟೇ ಕಥೆ.

'ಅಕಾಯ್ ಕುತ್ಸು' ಎಂದರೆ ಕೆಂಪು ಬೂಟು. 1922ರದು. ಕೆಂಪು ಬೂಟು ತೊಟ್ಟ ಪುಟ್ಟ ಹುಡುಗಿಯನ್ನು ಪರದೇಶಿಯೊಬ್ಬ ಯೊಕೊಹಾಮಾ ಬಂದರಿನಿಂದ ಹಡಗಿನಲ್ಲಿ ಕರೆದುಕೊಂಡು ಹೋಗುತ್ತಾನೆ. ಆ ಬಂದರಿನ ಪಕ್ಕದ ಉದ್ಯಾನದಲ್ಲಿ ಈಗ ಅವಳ ಪ್ರತಿಮೆ ಕುಳಿತಿದೆ.

'ಅವೋಯ್ ಮೆ ನೊ ನಿಂಗ್ಯೊ' ಎಂದರೆ ನೀಲಿ ಕಣ್ಣಿನ ಬೊಂಬೆ. 1921ರ ಈ ಹಾಡನ್ನೂ ಕೆಂಪು ಬೂಟಿನ ಹಾಡನ್ನೂ ಬರೆದವರು ನೊಗುಚಿ ಉಜೊ, ಸ್ವರ ಹಾಕಿದವರು ಮೊತೊವೊರಿ ನಗಾಯೊ. ಅಮೆರಿಕದಿಂದ ಬಂದಿಳಿದ ಬೊಂಬೆಗೆ ಇಲ್ಲಿನ ಮಾತು ಬಾರದು, ದಾರಿ ತಪ್ಪಿದರೆ ಏನು ಗತಿ ಎಂದು ಕಣ್ಣಲ್ಲಿ ನೀರು ತುಂಬಿಕೊಂಡಿದೆ. ಕರುಣೆಯಿಂದ ಅದರ ಜೊತೆ ಆಡಿರೆಂದು ಹಾಡು ಹುಡುಗಿಯರನ್ನು ಕೇಳಿಕೊಳ್ಳುತ್ತದೆ. ಮೇಲ್ವಿಚಾರಕರು ಇದನ್ನು ಹೇಳುವಾಗ ನನ್ನ ಕಡೆ ನೋಡಿ ನಕ್ಕರು. ನಾಲ್ಕು ತಿಂಗಳ ಮಟ್ಟಿಗೆ ಆ ಬೊಂಬೆ ನಾನೇ ಆಗಿದ್ದೆನಲ್ಲ!

ಹಾಡು ಬಂದ ಆರು ವರ್ಷಕ್ಕೆ, 1927ರಲ್ಲಿ, ನಿಜವಾಗಿಯೇ ಅಮೆರಿಕದಿಂದ 12 ಸಾವಿರಕ್ಕೂ ಹೆಚ್ಚು ಬೊಂಬೆಗಳು ಸ್ನೇಹದ ಕಾಣಿಕೆಯಾಗಿ ಜಪಾನಿನ ಶಾಲೆಗಳಿಗೆ ಬಂದವು. ಜಪಾನ್ ಕೂಡಾ 58 ಬೊಂಬೆಗಳನ್ನು ಮರುಕಾಣಿಕೆಯಾಗಿ ಕಳಿಸಿತು. ಮುಂದೆ ಯುದ್ಧ ಬಂತು. ನೀಲಿ ಕಣ್ಣಿನ ಬೊಂಬೆ ಶತ್ರುವಾಯಿತು. ಹೆಚ್ಚಿನವನ್ನು ಸುಟ್ಟರು, ಒಡೆದರು. ಆದರೆ ಕೆಲವು ಶಾಲೆಗಳಲ್ಲಿ ಯಾರೋ ಶಿಕ್ಷಕರು ಬೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟರು. ಹಾಗೆ ಉಳಿದ ಸುಮಾರು ಮುನ್ನೂರು ಬೊಂಬೆಗಳು ಇಂದಿಗೂ ಇವೆ. ಶತ್ರುದೇಶದ್ದೆಂದು ಆಟಿಕೆಯನ್ನೂ ದ್ವೇಷಿಸಲು ಕಲಿಸಿದ ಕಾಲದಲ್ಲಿ ಒಂದು ಬೊಂಬೆಯನ್ನು ಉಳಿಸಲಿಕ್ಕೂ ಎದೆಗಾರಿಕೆ ಬೇಕಿತ್ತು.

ಕೊನೆಗೆ ಅವರು ತೋರಿಸಿದ್ದು 'ಅಕಾತೊಂಬೊ'. ನಮ್ಮಲ್ಲಿ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟ, ಕೆಂಪು ಬಣ್ಣದ್ದು. ಮಿಕಿ ರೊಫು 1921ರಲ್ಲಿ ಬರೆದ ಕವಿತೆಗೆ ಯಮಾದಾ ಕೊಸಾಕು 1927ರಲ್ಲಿ ಸ್ವರ ಹಾಕಿದರು. ರೊಫು ಚಿಕ್ಕವನಿರುವಾಗಲೇ ತಂದೆತಾಯಿ ಬೇರೆಯಾಗಿ, ತಾಯಿ ಮನೆ ಬಿಟ್ಟು ಹೋಗಿದ್ದಳು. ಹಾಡಿನಲ್ಲಿ ದೊಡ್ಡವನಾದವನೊಬ್ಬ ನೆನೆಯುತ್ತಾನೆ: ಸಂಜೆಗೆಂಪಿನಲ್ಲಿ ಆ ಕೀಟವನ್ನು ನಾನು ನೋಡಿದ್ದು ಬೆನ್ನ ಮೇಲೆ ಕುಳಿತು. ಬೆನ್ನ ಮೇಲೆ ಹೊತ್ತವಳು ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಹುಡುಗಿ. ಹದಿನೈದಕ್ಕೆ ಅವಳ ಮದುವೆಯಾಯಿತು. ಆಮೇಲೆ ಓಲೆಯೂ ನಿಂತುಹೋಯಿತು.

"ಹೊತ್ತುಕೊಂಡು ಎನ್ನುವ ಮಾತು ಅಟ್ಟಿಸಿಕೊಂಡು ಎಂದೂ ಕೇಳಿಸುತ್ತದೆ. ಚಿಕ್ಕವನಿರುವಾಗ ಕೀಟವೇ ಹುಡುಗನನ್ನು ಅಟ್ಟಿಸಿಕೊಂಡು ಬಂತು ಅಂದುಕೊಂಡಿದ್ದೆ" ಎಂದು ಮೇಲ್ವಿಚಾರಕರು ನಕ್ಕರು. ಆ ದೇಶದ ಎಷ್ಟೋ ಮಕ್ಕಳು ಹಾಗೆಯೇ ತಪ್ಪು ತಿಳಿಯುತ್ತಾರಂತೆ. ನಂತರ ಎದ್ದು ನಿಂತು ಹಾಡಿದರು. ಅಂಥ ದೊಡ್ಡ ಗಾಯಕರೇನಲ್ಲ. ಆದರೆ ಗಲಾಟೆ ಮಾಡುತ್ತಿದ್ದವರೆಲ್ಲ ಸುಮ್ಮನಾದರು.

ನನಗೆ ಭದ್ರಾ ನಾಲೆಯ ಕೆಳಗಿನ ಗದ್ದೆ ನೆನಪಾಯಿತು. ಆ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿಕೊಡೆಂದು ನಾನು ಹಟ ಮಾಡುತ್ತಿದ್ದೆ. ಅದಕ್ಕೆ ನೋವಾಗುತ್ತೆ ಎಂದು ಆಪಾ ಬೈಯುತ್ತಿದ್ದಳು. ಅವಳ ಹೆಗಲ ಎಣ್ಣೆಯ ವಾಸನೆಯೂ ನೆನಪಾಯಿತು. ಹದಿನೈದು ಎಂಬ ಸಂಖ್ಯೆ ಎದೆಗೆ ಚುಚ್ಚಿತು.

1898ರ ಜಪಾನಿನ ಸಿವಿಲ್ ಸಂಹಿತೆ ಹೆಣ್ಣಿನ ಮದುವೆಗೆ ಇಟ್ಟಿದ್ದ ಕನಿಷ್ಠ ವಯಸ್ಸು 15. ಯುದ್ಧದ ನಂತರ ಅದು 16 ಆಯಿತು. 18 ಆದದ್ದು 2022ರ ಏಪ್ರಿಲ್‌ನಲ್ಲಿ. ನಮ್ಮಲ್ಲಿ 15ರಿಂದ 18ಕ್ಕೆ ಏರಿಸಿದ ತಿದ್ದುಪಡಿ ಬಂದದ್ದು 1978ರಲ್ಲಿ, ಆಪಾಳ ಮದುವೆಯಾದ ವರ್ಷವೇ. ಕಾನೂನು ಪುಸ್ತಕದಲ್ಲಿತ್ತು. ನಮ್ಮ ಓಣಿಗೆ ಅದು ಬರಲಿಲ್ಲ.

2007ರಲ್ಲಿ ಜಪಾನ್ ಸರ್ಕಾರದ ಸಂಸ್ಕೃತಿ ಇಲಾಖೆ ಮುಂದಿನ ತಲೆಮಾರಿಗೆ ದಾಟಿಸಬೇಕಾದ ನೂರು ಹಾಡುಗಳೆಂದು ಒಂದು ಪಟ್ಟಿ ಪ್ರಕಟಿಸಿತು. ಆರಿಸುತ್ತಾ ಆರಿಸುತ್ತಾ ಅದು 101 ಆಯಿತು. ಅಕ್ಷರ ಕ್ರಮದ ಆ ಪಟ್ಟಿ 'ಅ'ದಿಂದಲೇ ಆರಂಭವಾಗುತ್ತದೆ. ಮಳೆ, ಕೆಂಪು ಬೂಟು, ಕೆಂಪು ಚಿಟ್ಟೆಯ ಹಾಡುಗಳು ಮೊದಲ ಸಾಲುಗಳಲ್ಲೇ ಇವೆ. ಛತ್ರಿಯಿಲ್ಲದ ಮಗು, ಹಡಗು ಹತ್ತಿದ ಹುಡುಗಿ, ಮದುವೆಯಾಗಿ ಹೋದ ಕೆಲಸದ ಹುಡುಗಿ. ಇವರ ಹೆಸರು ಯಾವ ಇತಿಹಾಸದಲ್ಲೂ ಬರುವುದಿಲ್ಲ. ಮಕ್ಕಳ ಹಾಡಿನಲ್ಲಿ ಅವರು ನೂರು ವರ್ಷ ಉಳಿದರು.

ಆ ರಾತ್ರಿ ಕಾರ್ಡು ಹಾಕಿ ಊರಿಗೆ ಫೋನ್ ಮಾಡಿದೆ. ಆಪಾ ಗಾಬರಿಯಾದಳು. ನಾನು ಸುಮ್ಮಸುಮ್ಮನೆ ಫೋನ್ ಮಾಡಿದವನೇ ಅಲ್ಲ. "ನನ್ನನ್ನು ಹೊತ್ತು ತಿರುಗುತ್ತಿದ್ದದ್ದು ನೆನಪಿದೆಯಾ?" ಎಂದು ಕೇಳಿದೆ. "ನೀನು ಬಹಳ ಭಾರ ಇದ್ದೆ ಅನ್ನೋದು ಮಾತ್ರ ನೆನಪಿದೆ" ಎಂದು ನಕ್ಕಳು.

ಈಗ ಆಪಾಳ ಮೊಮ್ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹೋದ ಈದ್‌ಗೆ ಅವಳ ಮನೆಗೆ ಹೋದಾಗ ಮೊಮ್ಮಗಳ ಮೊಬೈಲಿನಲ್ಲೇ 'ಅಕಾತೊಂಬೊ' ಹುಡುಕಿಸಿ ಕೇಳಿಸಿದೆ. ಅರ್ಥ ಹೇಳಿದೆ. ಆಪಾ ಕೈಯಲ್ಲಿದ್ದ ಶೀರ್‌ಖುರ್ಮಾ ಬಟ್ಟಲನ್ನು ಕೆಳಗಿಟ್ಟು ಪೂರ್ತಿ ಕೇಳಿದಳು. ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದಳು.

"ಓಲೆ ನಿಂತುಹೋಯಿತು ಅಂತೀಯಲ್ಲ, ಆ ಹುಡುಗಿಗೆ ಇವನೇನಾದರೂ ಒಂದು ಕಾಗದ ಬರೆದಿದ್ದನಾ?"

ಆಪಾ ಹೋದ ಊರಿಗೆ ನಮ್ಮಿಂದ ಬಸ್ಸಿನಲ್ಲಿ ಎರಡೇ ಗಂಟೆಯ ದಾರಿ. ಅಕ್ಷರ ಕಲಿಸಿದವಳಿಗೆ ನಾನು ಒಂದು ಸಾಲನ್ನೂ ಬರೆದವನಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಆಪಾ ಬಟ್ಟಲನ್ನು ನನ್ನ ಕಡೆ ಸರಿಸಿ, "ತಗೋ, ಆರಿಹೋಗುತ್ತೆ" ಎಂದಳು.