ಪಾಗಾರದ ಮೇಲಿನ ನೀಲಿ ಚಿತ್ರಮೂಲ

ಕುಂಬಳೆಯಿಂದ ಸೀತಾಂಗೋಳಿ ಮಾರ್ಗವಾಗಿ ಬದಿಯಡ್ಕಕ್ಕೆ ಸಾಗುವಾಗ ಮುರಕಲ್ಲಿನ ಪಾಗಾರಗಳ ಮೇಲಿಂದ ರಸ್ತೆಗೆ ಬಾಗಿದ ತಿಳಿನೀಲಿ ಹೂಗೊಂಚಲುಗಳು ಕಣ್ಸೆಳೆಯುತ್ತವೆ. ಗಿಡದ ಹೆಸರು ಕೇಳಿದರೆ ಒಂದು ಮನೆಯವರು ನೀಲಿ ಚಿತ್ರಮೂಲವೆನ್ನುವರು, ನೆರೆಯವರು ಮಲಯಾಳದಲ್ಲಿ ನೀಲಕೊಡುವೇಲಿಯೆನ್ನುವರು, ನರ್ಸರಿಯವರು ಪ್ಲಂಬಾಗೊ ಎನ್ನುವರು. ಎರಡು ಭಾಷೆ ಕೂಡುವ ನಮ್ಮ ಸೀಮೆಯಲ್ಲಿ ಇದು ಸಹಜವೇ. ಆದರೆ ಈ ಹೆಸರುಗಳ ಬೆನ್ನಿಗೆ ಅಪಾಯವೂ ಇದೆ.

ಮೊದಲು ಗುರುತು. ಹೂವು ನೀಳವಾದ ಸಪೂರ ಕೊಳವೆ. ತುದಿಯಲ್ಲಿ ಐದು ಎಸಳು, ಪ್ರತಿಯೊಂದರ ನಡುವೆ ತುಸು ಗಾಢವಾದ ಗೆರೆ. ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿರುತ್ತವೆ. ಬುಡದಲ್ಲಿ ಪುಟ್ಟ ಕಿವಿಗಳಂತಹ ಚಾಚುಗಳು. 'ಆರಿಕ್ಯುಲೇಟಾ' ಎಂಬ ಸಸ್ಯನಾಮ ಹುಟ್ಟಿದ್ದು ಆ ಕಿವಿಗಳಿಂದ. ಎಲ್ಲಕ್ಕಿಂತ ನಂಬತಕ್ಕ ಸಾಕ್ಷ್ಯ ಹೂವಿನ ತೊಟ್ಟಿನ ಬಳಿಯ ಪುಷ್ಪಪಾತ್ರೆ: ಅದರ ಅಂಟುರೋಮಗಳು ಬೆರಳಿಗೆ ಹತ್ತುತ್ತವೆ, ಒಣಗಿದ ಮೇಲೂ ಬಟ್ಟೆಯನ್ನು ಬಿಡಲೊಲ್ಲವು. ಬೇಲಿಗೆ ಬೆಳೆಸುವ ಡುರಾಂಟವೂ ನೀಲಿಯೇ. ಆದರೆ ಅದರ ಎಲೆಗಳು ಎದುರುಬದುರು, ಕಾಯಿ ಹಳದಿ ಮಣಿಗಳಂತೆ, ಅಂಟೆಂಬುದಿಲ್ಲ.

ನಮ್ಮ ನೀಲಿ ಚೆಲುವೆ ದಕ್ಷಿಣ ಆಫ್ರಿಕದವಳು. ವೈದ್ಯರು ಬಳಸುವ ಚಿತ್ರಮೂಲ ಬಿಳಿ ಹೂವಿನದು. ಕೆಂಪು ಹೂವಿನದು ಬೇರೊಂದು. ಇವುಗಳ ಬೇರಿನ ಪ್ಲಂಬಾಜಿನ್ ಚರ್ಮಕ್ಕೆ ತಗುಲಿದರೆ ಬೊಕ್ಕೆಯೆಬ್ಬಿಸುತ್ತದೆ, ಗರ್ಭಕ್ಕೂ ಹಾನಿಕರ. ಆದುದರಿಂದಲೇ ಆಯುರ್ವೇದದಲ್ಲಿ ಬೇರನ್ನು ಸುಣ್ಣದ ನೀರಿನಲ್ಲಿ ಶೋಧಿಸದೆ ಬಳಸುವುದಿಲ್ಲ. ಹೆಸರಿನ ಅರ್ಧಭಾಗ ಒಂದೇ ಎಂದು ಅಂಗಳದ ನೀಲಿ ಗಿಡದ ಬೇರನ್ನು ಅರೆದು ಕುಡಿಯುವುದು ಶುದ್ಧ ಅವಿವೇಕ.

ಇನ್ನು ನೀಲಕೊಡುವೇಲಿಯ ಮಾತು. ಕೋಟ್ಟಯಂ ಕಡೆಯ ಇಲ್ಲಿಕ್ಕಲ್ ಕಲ್ಲಿನ ನೆತ್ತಿಯಲ್ಲಿ ಅದು ಬೆಳೆಯುತ್ತದೆಂದೂ, ಕೆಂಬೂತವೊಂದೇ ಅದನ್ನು ಬಲ್ಲದೆಂದೂ, ಹೊಳೆಗೆ ಹಾಕಿದರೆ ಕಡ್ಡಿ ಪ್ರವಾಹಕ್ಕೆದುರಾಗಿ ಸಾಗುವುದೆಂದೂ, ಮನೆಯಲ್ಲಿಟ್ಟವರಿಗೆ ಸಿರಿ ತಪ್ಪದೆಂದೂ ಕೇರಳದಲ್ಲಿ ಐತಿಹ್ಯವಿದೆ. ಕಥೆ ಸೊಗಸಾಗಿದೆ; ಆದರೆ ಆ ಹೆಸರಿನಲ್ಲಿ ಯಾರಾದರೂ ಬೇರು ತಂದು ಸಾವಿರಗಟ್ಟಲೆ ಬೆಲೆ ಹೇಳಿದರೆ ಬಾಗಿಲಿಂದಲೇ ಕಳುಹಿಸಬೇಕು. ನೀಲಿ ಹೂವಿನದು ಬೇಕಿದ್ದರೆ ನೆರೆಮನೆಯ ಪಾಗಾರದಿಂದ ಒಂದು ಗೆಲ್ಲು ಕೇಳಿ ನೆಟ್ಟರಾಯಿತು, ಬೇರು ಬಿಡುತ್ತದೆ.

ಬಿಸಿಲಿರುವ ಕಡೆ, ನೀರು ನಿಲ್ಲದಲ್ಲಿ ನೆಡಿರಿ. ಹೊಸ ಚಿಗುರಿನಲ್ಲಿಯೇ ಹೂವು, ಆದುದರಿಂದ ಸವರಲು ಅಂಜಬೇಕಾಗಿಲ್ಲ. ಮೊಗ್ಗುಗಳಲ್ಲಿ ಸಣ್ಣ ಹಸಿರು ಹುಳುಗಳು ಕಂಡರೆ ಔಷಧ ಸಿಂಪಡಿಸಬೇಡಿ. ರೆಕ್ಕೆಯ ಅಡಿಯಲ್ಲಿ ಪಟ್ಟೆಗಳುಳ್ಳ ಪುಟ್ಟ ನೀಲಿ ಚಿಟ್ಟೆಯ ಮರಿಗಳಿರಬಹುದು.