ಗಾಲಿಯ ಮೇಲೊಂದು ಮನೆ

ಮನೆಗೆ ಗಾಲಿ ಕಟ್ಟಿಕೊಂಡು ಊರೂರು ಸುತ್ತುವುದು ಪರಂಗಿಯವರ ವಿಲಾಸವೆಂದು ನಮ್ಮಲ್ಲಿ ಅನೇಕರ ಎಣಿಕೆ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಡಾಕ್ಟರು ‘ವಾಂಡರರ್’ ಎಂಬ ಕುದುರೆಬಂಡಿಯನ್ನು ಕಟ್ಟಿಸಿ, ಅದರಲ್ಲೇ ವಾಸಮಾಡುತ್ತ ಬ್ರಿಟನ್ನನ್ನು ಸುತ್ತಿದರೆಂದು ಚರಿತ್ರೆ ಹೇಳುತ್ತದೆ. ಹೇಳಲಿ. ಆದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನುಗಾಡಿ ಹೂಡಿಕೊಂಡು ಹೋಗಿ, ಒಳಗೆ ಹುಲ್ಲು ಹರವಿ ಜಮಖಾನ ಹಾಸಿ ಮಲಗಿ, ಗಾಡಿಯ ಮಗ್ಗುಲಲ್ಲೇ ಮೂರು ಕಲ್ಲಿಟ್ಟು ಮುದ್ದೆ ಬೇಯಿಸಿಕೊಂಡ ನಮ್ಮ ರೈತ ಈ ವಿದ್ಯೆಯನ್ನು ಯಾವ ಡಾಕ್ಟರರಿಂದಲೂ ಕಲಿತವನಲ್ಲ.

ಈ ಪೀಠಿಕೆ ಏಕೆಂದರೆ, ಕುಂದಲಹಳ್ಳಿಯಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ, ಅದರ ಒಡೆಯರ ದಾಕ್ಷಿಣ್ಯದಿಂದ, ಹದಿನಾಲ್ಕು ತಿಂಗಳ ಕಾಲ ಒಂದು ಮುದಿ ವಾಹನ ನಿಂತಿತ್ತು. 2002ರ ಟೆಂಪೊ ಟ್ರಾವೆಲರ್. ಅದನ್ನು ತಯಾರಿಸಿದ ಬಜಾಜ್ ಟೆಂಪೊ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಈ ಗಾಡಿ ಮಾತ್ರ ಹಳೆಯ ಹೆಸರನ್ನೇ ಹೊತ್ತು ನಿಂತಿತ್ತು. ಹಿಂದಿನ ಯಜಮಾನರು ಒಳಗೆ ಮಂಚ, ಅಡುಗೆಕಟ್ಟೆ ಎಲ್ಲವನ್ನೂ ಮಾಡಿಸಿ, ಆರ್‌ಸಿಯಲ್ಲಿಯೂ ‘ಮೋಟಾರ್ ಕ್ಯಾರವಾನ್’ ಎಂದೇ ಬರೆಸಿದ್ದರು. ನನ್ನ ಮನಸ್ಸನ್ನು ಗೆದ್ದದ್ದು ಆ ಒಂದು ಸಾಲು. ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದಂತೆ ವಾಹನವನ್ನು ಇಷ್ಟಬಂದ ಹಾಗೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಒಪ್ಪುವುದಿಲ್ಲ. ಇದ್ದುದನ್ನು ಇದ್ದಂತೆಯೇ ರಿಪೇರಿ ಮಾಡಿಕೊಳ್ಳುವವನಿಗೆ ಆ ಭಯವಿಲ್ಲ.

ನಿವೃತ್ತನಿಗೆ ಇದೆಂಥ ಹುಚ್ಚು ಎಂದು ವಾಚಕರು ಕೇಳಬಹುದು. ನಮ್ಮಾಕೆಯ ತವರು ತೀರ್ಥಹಳ್ಳಿಯ ಬಳಿ, ತುಂಗೆಗೆ ಕೂಗಳತೆಯ ದೂರದಲ್ಲಿ. ಅಣ್ಣತಮ್ಮಂದಿರು ಪಾಲಾಗಿ ಮನೆಯನ್ನು ಮಾರಿದ ಮೇಲೆ ಆಕೆಗೆ ಆ ಊರಿನಲ್ಲಿ ನೆಂಟರಿದ್ದಾರೆ, ಮನೆಯಿಲ್ಲ. ನೆಂಟರ ಮನೆಯಲ್ಲಿ ಎರಡನೆಯ ರಾತ್ರಿಯ ಊಟಕ್ಕೆ ಕೂರುವಾಗ ಹೆಣ್ಣುಮಕ್ಕಳಿಗೆ ಆಗುವ ಸಂಕೋಚ ಗಂಡಸರಿಗೆ ಅರ್ಥವಾಗುವುದು ತಡ. ಲಾಡ್ಜಿನಲ್ಲಿ ಇಳಿಯೋಣವೆಂದರೆ, “ಹುಟ್ಟಿದೂರಲ್ಲಿ ಬಾಡಿಗೆ ರೂಮು ಹಿಡೀಬೇಕೇನ್ರೀ?” ಎಂದು ಮುಖ ತಿರುಗಿಸಿದಳು. ಮೂರು ವರ್ಷ ಆಕೆ ಆ ಕಡೆ ಹೋಗಲೇ ಇಲ್ಲ. ಈ ಗಾಡಿ ಬಂದದ್ದು ಅದಕ್ಕಾಗಿ. ರಿಪೇರಿಯ ಖರ್ಚು ಎರಡು ಲಕ್ಷ ದಾಟಕೂಡದೆಂದು ಗೆರೆ ಎಳೆದವಳೂ ಆಕೆಯೇ.

ಸಂಸಾರವಂದಿಗನಿಗೆ ಮೊದಲು ಆಸೆ ಹುಟ್ಟುವುದು ಬಣ್ಣದ ಮೇಲೆ. ನಾನು ಬಣ್ಣದ ಮಾತೆತ್ತಿದಾಗ, ಗಾಡಿ ನೋಡಲು ಬಂದ ಟಿಂಕರ್ ಸಾಹೇಬರು ನಕ್ಕು, “ಬಣ್ಣ ಇರಲಿ ಸಾರ್, ಮೊದಲು ಮ್ಯಾಟ್ ಎತ್ತಿ” ಎಂದರು. ಮಡಕೆ ಕೊಳ್ಳುವವರು ಬಡಿದು ನೋಡುವಂತೆ ಅವರು ಸುತ್ತಿಗೆಯ ಹಿಡಿಯಿಂದ ತಳವನ್ನು ತಟ್ಟುತ್ತ ಹೋದರು. ‘ಠಣ್’ ಎಂದಲ್ಲಿ ತಗಡು ಗಟ್ಟಿ. ‘ಡಬ್’ ಎಂದಲ್ಲಿ ತುಕ್ಕು. ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತವನ್ನು ತೆಗೆದು ಪಕ್ಕದ ಗೋಡೆಗೆ ಹಿಡಿದರು. ಎರಡು ಕಡೆ ಅದು ಅಂಟದೆ ಜಾರಿ ಬಿತ್ತು. ಅಲ್ಲಿ ತಗಡೇ ಇರಲಿಲ್ಲ. ಹಿಂದೆ ಯಾರೋ ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದಿದ್ದರು.

ಅಂದಿನಿಂದ ನಮ್ಮ ಜಮಾಖರ್ಚಿನ ಪುಸ್ತಕಕ್ಕೆ ಒಂದೇ ನಿಯಮ: ಕಾಣದ ಕೆಲಸ ಮೊದಲು, ಕಾಣುವ ಕೆಲಸ ಕೊನೆಗೆ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಸಾಹೇಬರು ಹೊಸ ತಗಡು ಬೆಸೆದರು. ಉಪ್ಪುಕಾಗದ ಉಜ್ಜಿ ರೆಡ್ ಆಕ್ಸೈಡ್ ಬಳಿಯುವುದು ನನ್ನ ಪಾಲಿಗೆ ಬಂತು. ಛಾವಣಿಯ ಸೋರಿಕೆಯನ್ನು ಹುಡುಕಿದ್ದು ಬಲು ಸುಲಭದ ಉಪಾಯದಿಂದ: ನಾನು ಏಣಿ ಹತ್ತಿ ಬಕೆಟ್ಟಿನಿಂದ ನೀರು ಸುರಿದೆ, ನಮ್ಮಾಕೆ ಒಳಗೆ ಕುಳಿತು ಹನಿ ಬಿದ್ದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದಳು. ಹನ್ನೊಂದು ಗುರುತು. ಟೈರುಗಳ ಹಲ್ಲು ಚೆನ್ನಾಗಿದ್ದರೂ ಪಕ್ಕದಲ್ಲಿ 2314 ಎಂಬ ಅಂಕೆಯಿತ್ತು. ಅಂದರೆ 2014ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ರಬ್ಬರು ನಿಂತಲ್ಲೇ ಮುಪ್ಪಾಗುತ್ತದೆ. ಟೈರು, ಬ್ರೇಕಿನ ರಬ್ಬರ್ ಕೊಳವೆ, ತಳ, ಛಾವಣಿ ಇಷ್ಟಕ್ಕೇ ಒಂದು ಲಕ್ಷ ಮೂವತ್ತು ಸಾವಿರ ಕರಗಿತು. ಹೊರಗಿನಿಂದ ನೋಡಿದರೆ ಗಾಡಿ ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು. “ಇನ್ನೂ ಶುರುವೇ ಮಾಡಿಲ್ಲವೆ?” ಎಂದು ನೆರೆಯವರು ಕೇಳುತ್ತಿದ್ದರು.

ಉಳಿದ ಎಪ್ಪತ್ತು ಸಾವಿರದಲ್ಲಿ ಸಂಸಾರ ಹೂಡಬೇಕಾಯಿತು. 2023ರಲ್ಲಿ ಕುಂದಲಹಳ್ಳಿಗೆ ಮೆಟ್ರೊ ಬಂದದ್ದು ನನ್ನಂಥವನಿಗೆ ದೊಡ್ಡ ಉಪಕಾರ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ವಿದ್ಯುತ್ ಸಾಮಾನಿಗೆ ಎಸ್.ಪಿ. ರಸ್ತೆ, ಹಳೆಯ ಸಾಮಾನಿಗೆ ಶಿವಾಜಿನಗರದ ಗುಜರಿ ಎಂದು ತಿರುಗಾಡಿದೆ. ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿನ ಕಪಾಟನ್ನು ಕಿತ್ತು ಆರು ಮಿಲಿಮೀಟರಿನದನ್ನು ಹಾಕಿದರೆ ಹಲಗೆಯ ತೂಕ ಮೂರನೆಯ ಒಂದು ಪಾಲಿಗೆ ಇಳಿಯಿತು. ಅರವತ್ತು ಲೀಟರ್ ನೀರೆಂದರೆ ಅರವತ್ತು ಕಿಲೋ. ಮುದಿ ಎಂಜಿನ್ನಿಗೆ ಘಟ್ಟದ ಏರಿನಲ್ಲಿ ಒಂದೊಂದು ಕಿಲೋವೂ ಲೆಕ್ಕವೇ. ನೂರು ಆಂಪಿಯರ್-ಅವರ್‌ನ ಹನ್ನೆರಡು ವೋಲ್ಟ್ ಬ್ಯಾಟರಿಯಲ್ಲಿ 1,200 ವಾಟ್-ಅವರ್. ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸುವುದು ಕ್ಷೇಮ. ಒಂದು ಸಣ್ಣ ಫ್ಯಾನು, ಎರಡು ದೀಪ ಸೇರಿ ಮೂವತ್ತೈದು ವಾಟ್. ಎಂಟು ಗಂಟೆಗೆ 280. ಎರಡು ರಾತ್ರಿಗೆ ಸಾಕು, ಶೀತಲಪೆಟ್ಟಿಗೆಗೆ ಸಾಲದು. ಶೀತಲಪೆಟ್ಟಿಗೆ ಬಿಟ್ಟೆವು, ಮಜ್ಜಿಗೆ ಕೆಟ್ಟರೆ ಕೆಡಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಕೂರುತ್ತದೆ. ಆದ್ದರಿಂದ ಸಿಲಿಂಡರಿನ ಗೂಡಿನ ತಳದಲ್ಲಿ ಹೊರಗೆ ತೆರೆಯುವ ಒಂದು ಕಿಂಡಿ ಕೊರೆಸಿದೆವು. ಅದೂ ಯಾರಿಗೂ ಕಾಣದ ಕೆಲಸವೇ.

ಕಡೆಯಲ್ಲಿ ಉಳಿದ ಒಂಬೈನೂರು ರೂಪಾಯಿಗೆ ನಮ್ಮಾಕೆ ಹೂವಿನ ಬಟ್ಟೆ ತಂದು ಕಿಟಕಿಗಳಿಗೆ ಪರದೆ ಹೊಲಿದಳು. ಬಣ್ಣಕ್ಕೆ ಕಾಸು ಉಳಿಯಲಿಲ್ಲ. ಹಳೆಯ ಬಿಳುಪಿನ ಮೇಲೆ ಸಾಹೇಬರ ಹೊಸ ತೇಪೆಗಳು ಕೆಂಪಗೆ ಕಾಣುತ್ತಲೇ ಇದ್ದವು.

ಹಾಗೆಯೇ ಹೊರಟೆವು. ತೀರ್ಥಹಳ್ಳಿಯ ಕಡೆ ಆಕೆಯ ದಾಯಾದಿಯೊಬ್ಬರ ಅಡಕೆ ಅಂಗಳದಲ್ಲಿ, ಅವರ ಅಪ್ಪಣೆ ಪಡೆದು, ಗಾಡಿ ನಿಲ್ಲಿಸಿದೆವು. ರಾತ್ರಿಯೆಲ್ಲ ಮಲೆನಾಡಿನ ಮಳೆ. ಹನ್ನೊಂದು ಗುರುತುಗಳ ಮೇಲೂ ಟಾರ್ಚ್ ಬಿಟ್ಟು ನೋಡಿದೆ, ಒಣಗಿದ್ದವು. ಬೆಳಗ್ಗೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬಂದರು. ನಮ್ಮಾಕೆ, “ಬನ್ನಿ, ಒಳಗೆ ಬನ್ನಿ” ಎಂದು ಕರೆದು, ಮಂಚದ ಮೇಲೆ ಕೂರಿಸಿ, ತಾನೇ ಕಾಫಿ ಮಾಡಿ ಕೊಟ್ಟಳು. ಆ ಊರಿನಲ್ಲಿ ಎಷ್ಟೋ ವರ್ಷಗಳಿಂದ ಆಕೆ ಬೇರೆಯವರ ಲೋಟದಲ್ಲಿ ಕುಡಿದವಳೇ ಹೊರತು ಯಾರಿಗೂ ಕೊಟ್ಟವಳಲ್ಲ.

ಬಂದವರು ಒಬ್ಬರೂ ತಳದ ವಿಷಯ ಕೇಳಲಿಲ್ಲ, ಬ್ರೇಕಿನ ವಿಷಯ ಕೇಳಲಿಲ್ಲ. ಎಲ್ಲರೂ ಪರದೆಯನ್ನು ಮುಟ್ಟಿ ನೋಡಿ, “ಎಷ್ಟು ಚೆನ್ನಾಗಿದೆ!” ಎಂದರು.